ಗಂಡಸರ ಕಡೆ ಗಿಟಾರು, ಹೆಂಗಸರ ಕಡೆ ಮಾರ್ದನಿ

ಬೆಸುಗೆ ಹಾಕುವಾಗ ಏಳುವ ಹೊಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬೇರೆಯವರಿಗೆ ಮಲ್ಲಿಗೆಗೋ ಹಸಿ ಮಣ್ಣಿಗೋ ನೆನಪುಗಳು ಉಕ್ಕುತ್ತವಂತೆ, ನನ್ನ ಹಣೆಬರಹಕ್ಕೆ ಈ ರಾಳದ ಹೊಗೆ. ಮೊನ್ನೆ ಬೀದರಿನ ಚೌಬಾರಾದ ಹತ್ತಿರ ಮಿಕ್ಸರ್ ರಿಪೇರಿಗೆ ಕೊಟ್ಟು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆ. ರಿಪೇರಿಯವನು ಕಾದ ಕಡ್ಡಿಯನ್ನು ತಂತಿಗೆ ಮುಟ್ಟಿಸಿದ್ದೇ ತಡ, ಹೊಗೆ ಎದ್ದಿತು, ನನ್ನ ಹಲ್ಲು ತಾವಾಗಿಯೇ ಕಚ್ಚಿಕೊಂಡವು. ನಮ್ಮ ಮನೆಯ ಪಡಸಾಲೆ, ಅಲ್ಲಿ ಹರಡಿ ಬಿದ್ದ ವೈರುಗಳು, ನಡುವೆ ಚಕ್ಕಳಮಕ್ಕಳ ಹಾಕಿ ಕೂತ ನನ್ನ ತಮ್ಮ ಸಿದ್ಧಾರ್ಥ, ಆ ವರ್ಷದ ಇಡೀ ಭೀಮಜಯಂತಿ ಸೀಸನ್ನು ಕಣ್ಣ ಮುಂದೆ ಬಂದು ನಿಂತಿತು.

ನಮ್ಮದು ಹಾಡುವ ಮನೆ. ಅಪ್ಪ ಬೀದರಿನಲ್ಲಿ ದನದ ದವಾಖಾನೆಯ ಕಂಪೌಂಡರ್ ಆಗಿದ್ದವರು. ವರ್ಷವಿಡೀ ಎಮ್ಮೆಗಳಿಗೆ ಸೂಜಿ ಚುಚ್ಚಿ, ಬೇಸಿಗೆ ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ನೀಲಿ ಶಾಲು ಹಾಕಿ ಭೀಮಗೀತೆ ಹಾಡಲು ಹೊರಡುತ್ತಿದ್ದರು. ನಮ್ಮ ಕಡೆ ಜಯಂತಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಒಂದು ಊರಿನವರು ಮಾಡಿದ ದಿನ ಪಕ್ಕದ ಊರಿನವರು ಮಾಡುವುದಿಲ್ಲ, ಯಾಕೆಂದರೆ ಬೀಗರು ನೆಂಟರು ಇಲ್ಲಿಯೂ ಉಣ್ಣಬೇಕು, ಅಲ್ಲಿಯೂ ಉಣ್ಣಬೇಕು. ಹಾಗಾಗಿ ಅದು ಭಾಲ್ಕಿಯ ಹಳ್ಳಿಗಳಿಂದ ಔರಾದಿನ ಹಳ್ಳಿಗಳಿಗೆ ಸರಿಯುತ್ತ ಸರಿಯುತ್ತ ಮುಂಗಾರಿನ ಬಾಗಿಲವರೆಗೆ ಎಳೆಯುತ್ತದೆ. ಅಷ್ಟು ದಿನವೂ ನಾವು ಟಂಟಂ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಊರೂರು ತಿರುಗುತ್ತಿದ್ದೆವು.

ಪಾರ್ಟಿ ಎಂದರೆ ದೊಡ್ಡ ಪಾರ್ಟಿಯೇನಲ್ಲ. ಅಪ್ಪ ಹಾಡುವವರು. ಖಟಕ ಚಿಂಚೋಳಿಯ ದೇವಿದಾಸ ಕಾಕಾ, ಅಪ್ಪನ ದೊಡ್ಡಪ್ಪನ ಮಗ, ಢೋಲಕಿ. ನಾನು ತಾಳ ಹಿಡಿದು ಹಿಂದಿನಿಂದ ದನಿಗೂಡಿಸುವವಳು. ಸಾಲಿ ಟೀಚರಮ್ಮನಾದ್ದರಿಂದ ಬೇಸಿಗೆ ರಜೆ ಹೇಗೂ ಇರುತ್ತಿತ್ತು. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಸೋದರಮಾವನ ಬೆರಳ ಗಂಟುಗಳು ಬಾತು ಅವರು ಆ ವರ್ಷ ಕೈಚೆಲ್ಲಿದರು. ಪೇಟಿಯ ಜಾಗಕ್ಕೆ ಸಿದ್ಧಾರ್ಥನ ಗಿಟಾರು ಬಂತು. ಅಲ್ಲಿಗೆ ನಮ್ಮ ನೆಮ್ಮದಿಗೆ ಎಳ್ಳುನೀರು ಬಿಟ್ಟಂತಾಯಿತು.

ಬರೀ ಗಿಟಾರು ಬಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅವನು ಹೈದರಾಬಾದಿನಿಂದ ಒಂದಿಷ್ಟು ಕಬ್ಬಿಣದ ಡಬ್ಬಿಗಳನ್ನು ತಂದಿದ್ದ. ಪೆಡಲ್ ಅನ್ನುತ್ತಾರೆ. ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡವು, ಕಾಲಿನಿಂದ ತುಳಿಯುವಂಥವು. ಗಿಟಾರಿನ ದನಿ ನೇರವಾಗಿ ಸ್ಪೀಕರಿಗೆ ಹೋಗದೆ ಈ ಡಬ್ಬಿಗಳ ಹೊಟ್ಟೆಯೊಳಗೆ ಒಂದೊಂದಾಗಿ ಹಾದುಹೋಗಬೇಕು. ಒಂದು ದನಿಯನ್ನು ಒರಟು ಮಾಡುತ್ತದೆ, ಒಂದು ಅಲೆಯಾಡಿಸುತ್ತದೆ, ಕಡೆಯದು ಮಾರ್ದನಿ ಕೊಡುತ್ತದೆ. ಯಾವುದರ ಹಿಂದೆ ಯಾವುದು ಎಂಬುದಕ್ಕೆ ಮದುವೆಯ ಪಂಕ್ತಿಗಿಂತ ಹೆಚ್ಚಿನ ಶಾಸ್ತ್ರ. ಒರಟಿನದು ಮೊದಲು, ಮಾರ್ದನಿ ಕಡೆಗೆ. ಅದಲುಬದಲಾದರೆ ಎಲ್ಲ ಕಲಸುಮೇಲೋಗರ. ಎಲ್ಲವನ್ನೂ ಒಂದು ಪ್ಲೈವುಡ್ ಹಲಗೆಗೆ ಅಂಟಿಸಿದ್ದ. ಒಂದು ವೈರು ಸಡಿಲಾದರೆ ಇಡೀ ಹಲಗೆ ಮೂಕ. ಒಂದೇ ಅಡಾಪ್ಟರಿನಿಂದ ಎಲ್ಲದಕ್ಕೂ ಕರೆಂಟು ಕೊಟ್ಟರೆ ಗುಂಯ್ ಅನ್ನುವ ಸದ್ದು. ಬೆಳಗಾದರೆ ಸಾಕು, ಪಡಸಾಲೆಯಲ್ಲಿ ಬೆಸುಗೆಯ ಹೊಗೆ. ಕಸ ಗುಡಿಸುವಂತಿಲ್ಲ, ದಾಟುವಂತಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಗಿಟಾರನ್ನು ಒಂದು ಕೈಯಲ್ಲಿ ಎತ್ತಬಹುದಿತ್ತು, ಆ ಹಲಗೆಯನ್ನು ಹೊರುವುದಕ್ಕೆ ಇಬ್ಬರು ಬೇಕು. ಆ ಇಬ್ಬರಲ್ಲಿ ಒಬ್ಬಳು ಯಾವಾಗಲೂ ನಾನೇ.

ಇಷ್ಟಕ್ಕೇ ನಿಲ್ಲಲಿಲ್ಲ. ಮಾರ್ದನಿಯ ಡಬ್ಬಿಗೆ ಹಿಂಬದಿಯಲ್ಲಿ ಎರಡು ತೂತುಗಳಿದ್ದವು. ಎಡಗಡೆಯ ಒಂದೇ ತೂತಿಗೆ ವೈರು ಹಾಕಿದರೆ ಗಿಟಾರೂ ಮಾರ್ದನಿಯೂ ಕೂಡಿಯೇ ಹೊರಗೆ ಬರುತ್ತವೆ, ಎಷ್ಟು ಸ್ಪೀಕರಿದ್ದರೂ ಎಲ್ಲದರಲ್ಲೂ ಅದೇ ದನಿ, ಅದು ಮೋನೋ. ಎರಡಕ್ಕೂ ವೈರು ಹಾಕಿದರೆ ದನಿ ತನ್ನನ್ನು ತಾನೇ ಪಾಲು ಮಾಡಿಕೊಳ್ಳುತ್ತದೆ, ಅದು ಸ್ಟೀರಿಯೋ. ಸಿದ್ಧಾರ್ಥ ಪಾಲು ಮಾಡಿದ್ದು ಹೀಗೆ: ಒಂದು ಸ್ಪೀಕರಿಗೆ ತಂತಿಯ ನೇರ ದನಿ, ಇನ್ನೊಂದಕ್ಕೆ ಬರೀ ಮಾರ್ದನಿ. ಮನೆಯಲ್ಲಿ ನಮ್ಮನ್ನೆಲ್ಲ ನಟ್ಟನಡುವೆ ಕೂರಿಸಿ ಕೇಳಿಸಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಬಲಗಡೆ ಒಂದು ಸ್ವರ ಹುಟ್ಟಿ ಎಡಗಡೆ ಹೋಗಿ ಕರಗುತ್ತಿತ್ತು. ಅಪ್ಪ ಮಾತ್ರ ತಲೆಯಾಡಿಸಿ ಎದ್ದುಹೋದರು.

ಆದರೆ ನಮ್ಮ ಹಳ್ಳಿಗಳಲ್ಲಿ ನಟ್ಟನಡುವೆ ಕೂರುವವರು ಯಾರು? ಸ್ಟೇಜಿನ ಮೇಲೆ ನಿಂತವರ ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ನಡುವೆ ದಾರಿ. ಆ ದಾರಿಯಲ್ಲಿ ಕಮಿಟಿಯವರು ಹಾರ ಹಿಡಿದು ಓಡಾಡುತ್ತಾರೆ, ಇಲ್ಲವೇ ಊರ ನಾಯಿ ಮಲಗಿರುತ್ತದೆ. ಸ್ಪೀಕರುಗಳನ್ನೂ ಅದೇ ಲೆಕ್ಕದಲ್ಲಿ ಇಡುತ್ತಾರೆ, ಗಂಡಸರಿಗೊಂದು, ಹೆಂಗಸರಿಗೊಂದು. ಅಂದರೆ ಗಂಡಸರಿಗೆ ಬರೀ ಗಿಟಾರು, ಹೆಂಗಸರಿಗೆ ಬರೀ ಮಾರ್ದನಿ, ಸ್ಟೀರಿಯೋದ ಪೂರ್ತಿ ಸುಖ ಆ ನಾಯಿಗೆ. ಇದನ್ನು ನಾನು ಬಾಯಿ ನೋಯುವಷ್ಟು ಹೇಳಿದೆ. ಅವನು ಕೇಳಬೇಕಲ್ಲ. ದೊಡ್ಡ ದೊಡ್ಡ ಶಹರದಲ್ಲಿ ಹೀಗೇ ಮಾಡುತ್ತಾರೆ, ವಿಡಿಯೋದಲ್ಲಿ ನೋಡಿದ್ದೇನೆ, ನಿನಗೆ ತಿಳಿಯುವುದಿಲ್ಲ ಸುಮ್ಮನಿರು ಎಂದ.

ಮೊದಲ ಕಾರ್ಯಕ್ರಮ ಹಲಬರ್ಗಾದಲ್ಲಿ. ಬಿಸಿಲು ಇಳಿಯುವ ಹೊತ್ತಿಗೆ ಶುರುವಾಯಿತು. ಅಪ್ಪ ಎರಡನೆಯ ಹಾಡಿಗೆ ಬರುವಷ್ಟರಲ್ಲಿ ದೇವಿದಾಸ ಕಾಕಾನ ಹುಬ್ಬು ಗಂಟಿಕ್ಕಿದವು. ನನಗೂ ತಿಳಿಯಿತು. ಅಪ್ಪ ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಹಾಡುತ್ತಿದ್ದರು. ಢೋಲಕಿಯ ಏಟು ಬಿದ್ದ ಮೇಲೆ ಅವರ ಮಾತು ಬೀಳುತ್ತಿತ್ತು. ಕಾಕಾ ಜೋರಾಗಿ ಬಾರಿಸಿ ಎಳೆದುಕೊಳ್ಳಲು ನೋಡಿದರು, ಅಪ್ಪ ಜಗ್ಗಲಿಲ್ಲ. ಹಾಡು ಮುಗಿದ ಮೇಲೆ ಹೆಂಗಸರ ಕಡೆಯ ಒಬ್ಬ ಮುದುಕಿ ನನ್ನನ್ನು ಕರೆದು ಗಿಟಾರಿನ ಬಗ್ಗೆ ದೂರಿದಳು.

"ಊಟಾನೂ ಗಂಡಸ್ರು ಉಂಡ ಮ್ಯಾಲ ನಮಗ. ಈಗ ಹಾಡೂ ಅವ್ರು ಕೇಳಿ ಬಿಟ್ಟಿದ್ದು ನಮಗ ಬರ್ಲತ್ತದೇನವ್ವ?"

ನಾನು ಬಂದು ಸಿದ್ಧಾರ್ಥನಿಗೆ ಹೇಳಿದೆ. ಆ ಮುದುಕಿ ಆಯಿಗೆ ಸ್ಟೀರಿಯೋ ಏನು ಗೊತ್ತು ಎಂದು ಅವನು ನಕ್ಕುಬಿಟ್ಟ. ನನ್ನ ಮೈಯೆಲ್ಲ ಉರಿದುಹೋಯಿತು.

ಖಟಕ ಚಿಂಚೋಳಿಯಲ್ಲಿ ಇನ್ನೂ ಬೇರೆ ಕಥೆ. ಮಧ್ಯಾಹ್ನ ಕೆಂಪು ಧೂಳೆಬ್ಬಿಸಿ ಗಾಳಿ ಬಂತು, ಹಿಂದೆಯೇ ಅಡ್ಡ ಮಳೆ, ಕಾಳಿನಷ್ಟು ಕಾಳಿನಷ್ಟು ಆಲಿಕಲ್ಲು. ಶಾಮಿಯಾನ ಹಾರಿತು. ನಾನು ನನ್ನ ಸೀರೆಯ ಸೆರಗು ಹೊದಿಸಿ ಆ ಹಲಗೆಯನ್ನು ಕಾಯ್ದುಕೊಂಡು ಕೂತೆ. ತಮ್ಮ ಹೆದರಿ ಗಿಟಾರನ್ನಪ್ಪಿಕೊಂಡಿದ್ದ. ಮಳೆ ನಿಂತ ಮೇಲೆ ಒಂದೊಂದೇ ವೈರು ಬಿಚ್ಚಿ ಒರೆಸಿ ಮತ್ತೆ ಸಿಕ್ಕಿಸುವಷ್ಟರಲ್ಲಿ ಊರ ಮಂದಿ ಆಕಳಿಸಲು ಶುರು ಮಾಡಿದ್ದರು. ಒಂದೇ ವೈರು ಹಾಕೋ ಸಾಕು ಎಂದೆ. ಇಲ್ಲ, ಎರಡೂ ಬೇಕು. ಅಷ್ಟೆಲ್ಲ ಒದ್ದಾಡಿ ಶುರು ಮಾಡಿದರೆ ಅಪ್ಪ ಮತ್ತೆ ಹಿಂದೆ. ನಿಧಾನದ ಹಾಡಿನಲ್ಲಂತೂ ಇನ್ನೂ ಹಿಂದೆ. ಅದು ಕಾಕಾನ ಸ್ವಂತ ಊರು. ಸೊಸೆಯಂದಿರು, ಬೀಗರು ಎಲ್ಲ ಕೂತಿದ್ದರು. ಅವರಿಗೆ ಮರ್ಯಾದೆ ಹೋದಂತಾಯಿತು. ಸಾಮಾನು ಕಟ್ಟುವಾಗ ಎಲ್ಲರ ಮುಂದೆ ಅಂದೇಬಿಟ್ಟರು.

"ಅಣ್ಣಾ, ಸಿಟ್ಟಿಗಿ ಬರಬ್ಯಾಡ. ನಿನಗ ವಯಸ್ಸಾತು. ಢೋಲಕಿ ಒಂದ ಕಡಿ, ನೀ ಒಂದ ಕಡಿ."

ಅಪ್ಪ ಶಾಲು ಮಡಚುತ್ತಿದ್ದವರು ಮಡಚುತ್ತಲೇ ಇದ್ದರು. ಇರಬಹುದಪ್ಪ ಎಂದರು, ಅಷ್ಟೇ. ಮರುದಿನದಿಂದ ಅವರು ಮೊಸರು ಬಿಟ್ಟರು, ಹುಣಸೆಹುಳಿ ಬಿಟ್ಟರು, ಎಣ್ಣೆಯಲ್ಲಿ ಕರಿದದ್ದು ಬಿಟ್ಟರು. ದನಿಗೆ ಮಾಡುವ ಪಥ್ಯ ಅದು. ತಾಳಕ್ಕೆ ಅದರಿಂದ ಏನಾದೀತು? ನಸುಕಿನಲ್ಲಿ ಹಿತ್ತಲಲ್ಲಿ ಕೂತು ತೊಡೆ ತಟ್ಟಿಕೊಂಡು ಹಾಡುತ್ತಿದ್ದರು. ಅಲ್ಲಿ ಒಂದಿಷ್ಟೂ ತಪ್ಪುತ್ತಿರಲಿಲ್ಲ. ನನಗೆ ತಲೆ ಕೆಟ್ಟು ಹೋಗುವುದೊಂದು ಬಾಕಿ.

ಆಮೇಲೆ ಠಾಣಾ ಕುಶನೂರ. ಅಲ್ಲಿಯ ಮಾರುತಿ ಮಾಸ್ತರು ಜಯಂತಿ ಕಮಿಟಿಯ ಹಿರಿಯರು, ಸಾಲಿಯಿಂದ ನಿವೃತ್ತರಾದವರು. ಅಪ್ಪನಿಗೆ ಮೀಸೆ ಚಿಗುರಿದಾಗಿನಿಂದ ಕರೆಸಿ ಹಾಡಿಸಿದವರು ಅವರೇ. ಸೀಸನ್ನಿನ ಕೊನೆಗೆ ಔರಾದಿನಲ್ಲಿ ಸುತ್ತಲಿನ ಹಳ್ಳಿಗಳೆಲ್ಲ ಸೇರಿ ಮಾಡುವ ದೊಡ್ಡ ಹಾಡಿನ ಜಲ್ಸಾಕ್ಕೂ ಹಾಡುಗಾರನನ್ನು ಆರಿಸುವವರು ಅವರೇ. ಔರಾದಿನಲ್ಲಿ ಹಾಡಿದವನನ್ನೇ ಮುಂದಿನ ವರ್ಷ ಎಲ್ಲ ಊರಿನವರೂ ಕರೆಯುತ್ತಾರೆ. ಅಲ್ಲಿ ಜಾಗ ಹೋದರೆ ಹಾಡೇ ಹೋದ ಹಾಗೆ. ಅಪ್ಪನ ಬಗ್ಗೆ ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ಅವತ್ತು ಗಂಡಸರ ಕಡೆ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತರು.

ಅಪ್ಪ ಎಂದಿನಂತೆ ಹಿಂದೆ ಬಿದ್ದರು. ಮಾಸ್ತರ ಮುಖ ಸಣ್ಣಗಾಗುವುದನ್ನು ನಾನು ಸ್ಟೇಜಿನ ಮೇಲಿನಿಂದಲೇ ನೋಡಿದೆ. ನಡುವೆ ನನ್ನ ಗಂಟಲು ಒಣಗಿತು, ಇಳಿದು ನೀರು ಕುಡಿಯಲು ಹೆಂಗಸರ ಕಡೆಯಿದ್ದ ಕೊಡದ ಹತ್ತಿರ ಹೋದೆ. ಲೋಟ ಬಾಯಿಗಿಟ್ಟವಳು ಹಾಗೆಯೇ ನಿಂತೆ. ಅಲ್ಲಿಂದ ಕೇಳಿದರೆ ಅಪ್ಪನೂ ಗಿಟಾರೂ ಒಟ್ಟೊಟ್ಟಿಗೆ ಇದ್ದರು! ಒಂದು ಎಳೆಯೂ ಹಿಂದಿಲ್ಲ, ಮುಂದಿಲ್ಲ. ಅಂಥ ಹೊಂದಿಕೆಯನ್ನು ಆ ಸೀಸನ್ನಿನಲ್ಲಿ ನಾನು ಕೇಳಿರಲೇ ಇಲ್ಲ. ಗಂಡಸರ ಕಡೆಗೆ ನಾಲ್ಕು ಹೆಜ್ಜೆ ಹೋದರೆ ಮತ್ತೆ ಅದೇ ಗೋಳು. ಸೀರೆ ಎತ್ತಿ ಹಿಡಿದು ಆ ಕಡೆ ಈ ಕಡೆ ಅಡ್ಡಾಡಿದೆ, ಮಂದಿ ಇವಳಿಗೇನಾಯಿತು ಎಂದು ನೋಡುತ್ತಿದ್ದರು. ಅಪ್ಪ ಹೆಂಗಸರ ಕಡೆಯ ಸ್ಪೀಕರಿಗೆ ಹಾಡುತ್ತಿದ್ದರು. ಅಲ್ಲಿ ಬರುತ್ತಿದ್ದದ್ದು ತಡವಾದ ಮಾರ್ದನಿ, ಅಪ್ಪ ಅದರ ಜೊತೆಗೆ ತಪ್ಪದೆ ನಡೆಯುತ್ತಿದ್ದರು. ಆದರೆ ಬಲಗಡೆಯ ಸ್ಪೀಕರು ಸತ್ತಿತ್ತೇ? ಅದರ ದನಿ ಅವರಿಗೆ ಯಾಕೆ ಕೇಳುತ್ತಿಲ್ಲ?

ಕಾರ್ಯಕ್ರಮ ಮುಗಿದ ಮೇಲೆ ಮಾಸ್ತರು ಬಂದು ಅಪ್ಪನ ಕೈ ಹಿಡಿದುಕೊಂಡರು. ಕೆಟ್ಟ ಮಾತಾಡುವ ಮನುಷ್ಯರಲ್ಲ ಅವರು. ಬಹಳ ನಯವಾಗಿ, ಔರಾದಿಗೆ ಉದಗೀರದ ಕಡೆಯಿಂದ ಒಬ್ಬ ಹುಡುಗನನ್ನು ಕರೆಸುತ್ತಿದ್ದೇವೆ ಎಂದರು. ನೀವು ಬರ್ರಿ, ಮುಂದ ಖುರ್ಚಿ ಮ್ಯಾಲ ಕೂಡ್ರಿ, ನಿಮಗೊಂದು ಹಾರ ಹಾಕ್ತೇವ್ರಿ ಎಂದರು. ನಮ್ಮ ಕಡೆ ಹಾಡುಗಾರನಿಗೆ ಖುರ್ಚಿ ಕೊಟ್ಟು ಹಾರ ಹಾಕಿದರೆ ಮುಂದೆ ಮೈಕು ಕೊಡುವುದಿಲ್ಲ. ಅಪ್ಪ ಆಯ್ತ್ರಿ ಸರ್ ಎಂದು ಕೈಮುಗಿದರು.

ಮನೆಗೆ ಬಂದು ಅಪ್ಪ ಮಲಗಿದ್ದೇ ನಾನು ಅವ್ವನನ್ನು ಅಡುಗೆಮನೆಯಲ್ಲಿ ಹಿಡಿದೆ. ಸಿದ್ಧಾರ್ಥನನ್ನೂ ಎಳೆದುಕೊಂಡು ಬಂದಿದ್ದೆ. ಅಪ್ಪನ ಬಲಗಿವಿಗೆ ಏನಾಗಿದೆ ಎಂದು ಕೇಳಿದೆ. ಅವ್ವ ಮೊದಲು ಏನಿಲ್ಲ ಎಂದಳು, ಆಮೇಲೆ ಭಾಂಡೆ ತಿಕ್ಕುವುದನ್ನು ನಿಲ್ಲಿಸಿ ಕೂತಳು. ಸಣ್ಣವರಿದ್ದಾಗ ಕಿವಿ ಸೋರಿ ಸೋರಿ ಅವರ ಬಲಗಿವಿ ಹೋಗಿತ್ತು. ಮದುವೆಯಾದ ಹೊಸದರಲ್ಲೇ ಅವಳಿಗೆ ತಿಳಿದಿತ್ತು, ಯಾರಿಗೂ ಹೇಳಕೂಡದೆಂದು ಅವಳಿಂದ ಮಾತು ತೆಗೆದುಕೊಂಡಿದ್ದರು.

"ಒಂದ ಕಿವಿ ಇಲ್ಲದ ಹಾಡ್ಗಾರಗ ಯಾರ ಕರೀತಾರ ಅಂತಿದ್ರು. ನಾ ಇಷ್ಟ ವರ್ಷ ಎಡಕ್ಕೇ ನಡದೀನಿ, ಒಂದ ದಿನ ಬಲಕ್ಕ ಹೋಗಿಲ್ಲ. ನೀವಿಬ್ರೂ ಕೂಸಿದ್ದಾಗ ಚಿಟ್ಟನ ಚೀರ್ತಿದ್ರಿ. ಈ ಮನಷ್ಯಾ ಛಲೋ ಕಿವಿ ತಲಿಗಿಂಬಿಗಿ ಒತ್ತಿ ಆರಾಮ ನಿದ್ದಿ ಮಾಡ್ತಿದ್ದ!"

ಆ ಹೊತ್ತಿನಲ್ಲೂ ನನಗೆ ನಗು ಬಂತು, ಅದರ ಬೆನ್ನಿಗೇ ಕೋಪ. ಮಾವ ಬಾರಿಸುವವರೆಗೂ ಪೇಟಿ ಅಪ್ಪನ ಎಡಕ್ಕೇ ಇರುತ್ತಿತ್ತು, ಅದನ್ನು ನಾವೆಲ್ಲ ಪಾರ್ಟಿಯ ಪದ್ಧತಿ ಎಂದುಕೊಂಡಿದ್ದೆವು. ಪೇಟಿ ಹೋದಾಗಲಾದರೂ ಒಂದು ಮಾತು ಹೇಳಬಾರದಿತ್ತೇ? ಇಡೀ ಸೀಸನ್ನು ಮಂದಿಯ ಬಾಯಿಗೆ ಬೀಳುವುದು ಒಳ್ಳೆಯದಾಯಿತೇ? ಅವ್ವ ನನ್ನ ಬಾಯಿ ಮುಚ್ಚಿಸಿದಳು. ನಾವು ತಿಳಿದಿದ್ದೇವೆಂದು ಅವರಿಗೆ ಗೊತ್ತಾಗಕೂಡದು, ಗೊತ್ತಾದರೆ ಇನ್ನು ಸ್ಟೇಜು ಹತ್ತುವುದೇ ಇಲ್ಲ ಎಂದಳು.

ಸಿದ್ಧಾರ್ಥ ಈಗ ಬಾಯಿ ಬಿಟ್ಟ. ಬಿಟ್ಟು ಏನು ಹೇಳಿದ ಅಂತೀರಿ? ವೈರು ಅದಲುಬದಲು ಮಾಡುತ್ತೇನೆ, ಗಿಟಾರು ಹೆಂಗಸರ ಕಡೆ, ಮಾರ್ದನಿ ಗಂಡಸರ ಕಡೆ, ಅಪ್ಪನಿಗೂ ಸರಿ, ಸ್ಟೀರಿಯೋನೂ ಉಳಿಯುತ್ತದೆ ಎಂದ. ನಾನು ಒಲೆಯ ಮುಂದಿನ ಚಿಮಟಿಗೆ ಎತ್ತಿಕೊಂಡೆ. ಅಪ್ಪನ ಹಾಡೇ ಹೋಗುವ ಹೊತ್ತಿನಲ್ಲಿ ನಿನಗೆ ನಿನ್ನ ಡಬ್ಬಿಯ ಚಿಂತೆಯೇನೋ ಎಂದೆ. ಅವನು ಎದ್ದು ಪಡಸಾಲೆಗೆ ಹೋದ. ಅಲ್ಲಿ ಬಹಳ ಹೊತ್ತು ಆ ಹಲಗೆಯ ಮುಂದೆ ಕೂತ. ಆಮೇಲೆ ಎರಡನೆಯ ವೈರನ್ನು ಕಿತ್ತು, ಸುತ್ತಿ, ತಂದು ನನ್ನ ಕೈಗೆ ಕೊಟ್ಟು, ಎಲ್ಲಿಯಾದರೂ ಇಡು, ನನಗೆ ಕಾಣದ ಹಾಗೆ ಎಂದ.

ಬೆಳಿಗ್ಗೆ ಅವನೇ ಬಸ್ಸು ಹಿಡಿದು ಠಾಣಾ ಕುಶನೂರಕ್ಕೆ ಹೋದ. ಮಾಸ್ತರಿಗೆ ಕಿವಿಯ ಸುದ್ದಿ ಹೇಳಲಿಲ್ಲ. ತಪ್ಪು ನನ್ನ ಮಷೀನಿನದು, ಹಾಡಿನದಲ್ಲ, ಔರಾದಿನಲ್ಲಿ ಮೊದಲು ಒಂದೇ ಒಂದು ಹಾಡು ಅಪ್ಪ ಹಾಡಲಿ, ಸರಿಬರದಿದ್ದರೆ ಆಗ ಹಾರ ಹಾಕಿರಿ ಎಂದು ಬೇಡಿಕೊಂಡನಂತೆ. ಮಾಸ್ತರು ಒಪ್ಪಿದರು. ಅಪ್ಪನಿಗೆ ಫೋನು ಮಾಡಿ, ಉದಗೀರದವರು ಬರುವುದು ಸ್ವಲ್ಪ ತಡವಾಗುತ್ತದೆ, ಅಲ್ಲಿಯವರೆಗೆ ಒಂದು ಹಾಡು ನಡೆಸಿಕೊಡಿ ಎಂದು ಅವರೇ ಒಂದು ನೆಪ ಹೇಳಿದರು.

ಔರಾದಿನಲ್ಲಿ ಅವತ್ತು ಮೋಡ ಕಟ್ಟಿತ್ತು, ಸೆಕೆಯೋ ಸೆಕೆ. ಬಯಲಿನ ತುಂಬ ಬಿಳಿ ಸೀರೆ, ಬಿಳಿ ಅಂಗಿ. ಉದಗೀರದ ಹುಡುಗ ಆಗಲೇ ಬಂದು ಮರೆಯಲ್ಲಿ ಚಹಾ ಕುಡಿಯುತ್ತಿದ್ದ, ಅಪ್ಪನಿಗೆ ಕಾಣದಂತೆ ಮಾಸ್ತರೇ ಅಡ್ಡ ನಿಂತಿದ್ದರು. ಸಿದ್ಧಾರ್ಥ ಹಲಗೆಯನ್ನು ಜೋಡಿಸಿದ. ಎಡಗಡೆಯ ತೂತಿಗೆ ಒಂದೇ ವೈರು. ಎರಡೂ ಸ್ಪೀಕರಿನಲ್ಲಿ ಒಂದೇ ದನಿ, ಮಾರ್ದನಿಯನ್ನೂ ಕೇಳಿದರೆ ಉಂಟು ಕೇಳದಿದ್ದರೆ ಇಲ್ಲ ಎನ್ನುವಷ್ಟಕ್ಕೆ ಇಳಿಸಿದ್ದ. ಅವನ ಮುಖ ಸೂತಕದ ಮನೆಯವನ ಹಾಗಿತ್ತು. ಅಪ್ಪ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದರು. ಗಿಟಾರು ಮೊದಲ ಸುತ್ತು ಬಾರಿಸಿತು.

ಅಪ್ಪ ಎತ್ತಿಕೊಂಡರು. ಢೋಲಕಿಯ ಏಟು ಎಲ್ಲಿ ಬಿತ್ತೋ ಅಲ್ಲಿಯೇ ಅವರ ಮಾತು ಬಿತ್ತು. ದೇವಿದಾಸ ಕಾಕಾ ಒಂದು ಗಳಿಗೆ ಬಾರಿಸುವುದನ್ನೇ ಮರೆತು ಅವರನ್ನು ನೋಡಿದರು, ಆಮೇಲೆ ಹುಚ್ಚು ಹಿಡಿದವರಂತೆ ಬಾರಿಸಿದರು. ಹೆಂಗಸರ ಕಡೆಯಿಂದ ಚಪ್ಪಾಳೆ ಶುರುವಾಗಿ ಗಂಡಸರ ಕಡೆಗೆ ಹಬ್ಬಿತು. ಒಂದು ಹಾಡು ಮುಗಿಯಿತು, ಮಂದಿ ಬಿಡಲಿಲ್ಲ, ಇನ್ನೊಂದಾಯಿತು, ಮತ್ತೊಂದಾಯಿತು. ಸ್ಟೇಜಿನ ಅಂಚಿನಲ್ಲಿ ಹಾರ ಹಿಡಿದು ನಿಂತಿದ್ದ ಮಾಸ್ತರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಕಡೆಗೆ ಉದಗೀರದ ಹುಡುಗನ ಕೊರಳಿಗೆ ಹಾಕಿ, ನಮ್ಮ ಅತಿಥಿಗಳು ಎಂದು ಖುರ್ಚಿ ಮೇಲೆ ಕೂರಿಸಿದರು. ಪಾಪ, ಅವನೂ ಒಳ್ಳೆಯ ಹುಡುಗ, ಅಪ್ಪನ ಬಳಿಕ ಎರಡು ಹಾಡು ಹಾಡಿ ಕಾಲಿಗೆ ನಮಸ್ಕಾರ ಮಾಡಿ ಹೋದ.

ಸಾಮಾನು ಹೇರಿದ್ದಾಯಿತು. ಅಪ್ಪ ಟಂಟಂ ಹತ್ತುವ ಮೊದಲು ಸಿದ್ಧಾರ್ಥನನ್ನು ಕರೆದರು. ಅವನು ಹೋಗಿ ಎಡಕ್ಕೆ ನಿಂತ. ಅಪ್ಪ ಆಚೀಚೆ ನೋಡಿ, ಬೇರೆಯವರಿಗೆ ಕೇಳದ ಹಾಗೆ ಎಂದುಕೊಂಡು ಮೆಲ್ಲಗೆ ಶುರು ಮಾಡಿದರು. ಅವರ ಮೆಲ್ಲಗೆ ಎಂದರೆ ಊರಿಗೆಲ್ಲ ಕೇಳುತ್ತದೆ.

"ಇವತ್ತ ಛಂದ ಬಾರಿಸಿದಿ. ಇಡೀ ಸೀಸನ್ ನಿನ್ನ ಕೈ ಹಿಂದ ಬೀಳ್ಲತ್ತಿತ್ತು. ಹೊಸಾ ಡಬ್ಬಿ, ಕಾಲ ಒಂದ ಕಡಿ, ಕೈ ಒಂದ ಕಡಿ, ಆಗ್ತದ. ಅದಕ್ಕ ನಾ ಢೋಲಕಿ ಬಿಟ್ಟು ನಿನ್ನ ಹಿಡಕೊಂಡು ಹಾಡದೆ. ಮಂದಿ ನನಗ ವಯಸ್ಸಾತು ಅಂದ್ರ ಅನ್ಲಿ, ಮಗಗ ತಾಳ ಗೊತ್ತಿಲ್ಲ ಅನ್ನಬಾರದು ನೋಡು."

ಸಿದ್ಧಾರ್ಥ ನನ್ನ ಕಡೆ ನೋಡಿದ. ಅವನ ಕೈ ಎಂದೂ ಹಿಂದೆ ಬಿದ್ದಿರಲಿಲ್ಲ, ಅಪ್ಪ ಕೇಳಿದ್ದು ಬರೀ ಮಾರ್ದನಿ. ಬೇರೆ ಎಷ್ಟು ಬೈದರೂ ಅದೊಂದು ದೂರನ್ನು ನಾನು ಅವನ ಮೇಲೆ ಹೊರಿಸಲಾರೆ. ತನ್ನ ಡಬ್ಬಿಗಳ ಮೇಲೆ ಒಂದು ಮಾತು ಬಿದ್ದರೆ ಮೂರು ದಿನ ಮುಖ ಊದಿಸಿಕೊಳ್ಳುವ ಮಗ, ತಲೆ ತಗ್ಗಿಸಿ ಒಪ್ಪಿಕೊಂಡ.

"ಹೌದ್ರಿ ಅಪ್ಪಾ. ನಂದೇ ತಡಾ ಆಗ್ತಿತ್ರಿ. ಇನ್ನ ಮುಂದ ಆಗಂಗಿಲ್ಲ."

ನನಗೆ ಇಬ್ಬರ ಮೇಲೂ ಎಲ್ಲಿಲ್ಲದ ಸಿಟ್ಟು ಬಂತು. ಹಲಬರ್ಗಾದಲ್ಲೇ ಒಬ್ಬರು ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬೈಯುವುದನ್ನು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡು ಹಲಗೆಯ ಪಕ್ಕ ಹೋಗಿ ಕೂತೆ. ಟಂಟಂ ಹೊರಟಿತು. ಹುಡುಗನಿಗೆ ಈಗ ತಾಳ ಕೂತಿದೆ, ಹಿಂದೆ ಬೀಳುತ್ತಿದ್ದ, ನಾನೇ ತಿದ್ದಿದೆ ಎಂದು ಅಪ್ಪ ಬೀದರಿನವರೆಗೂ ದೇವಿದಾಸ ಕಾಕಾನಿಗೆ ಹೇಳುತ್ತಲೇ ಬಂದರು. ಪ್ರತಿ ಸಲವೂ ಸಿದ್ಧಾರ್ಥ ಹೌದ್ರಿ ಎನ್ನುತ್ತಿದ್ದ, ಅಪ್ಪನಿಗೆ ಕೇಳಲೆಂದು ಸ್ವಲ್ಪ ಜೋರಾಗಿ.